ಹಳೇ ಮೈಕ್‌ನಲ್ಲಿ ಗುಂಯ್, ಚಟಪಟ, ಶ್ಶ್: ಬಯಲಾಟ ರೆಕಾರ್ಡ್ ಮಾಡುವವರು ದೋಷ ಹುಡುಕುವ ಬಗೆ

ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಬಯಲಾಟ, ತತ್ವಪದ, ಭಜನೆ, ಮೊಹರಂ ಪದಗಳನ್ನು ರೆಕಾರ್ಡ್ ಮಾಡಿಡುವ ಹುಡುಗರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ತುಂಬಾ ಒಳ್ಳೆಯ ಕೆಲಸ. ಆದರೆ ಅವರ ಕೈಗೆ ಸಿಗುವ ಮೈಕ್‌ಗಳು ಹೆಚ್ಚಾಗಿ ಹಳೆಯವು. ಮೈಕ್ ಸೆಟ್ ಅಂಗಡಿಯಿಂದ ಬಾಡಿಗೆಗೆ ತಂದದ್ದು, ಇಲ್ಲವೇ ಜಾತ್ರೆ, ಮದುವೆ, ಭಾಷಣ ಎಲ್ಲ ಮುಗಿಸಿ ಮೂಲೆ ಸೇರಿದ್ದು. ಇನ್ನೇನು ಆಟ ಶುರುವಾಗಬೇಕು, ಹೆಡ್‌ಫೋನಿನಲ್ಲಿ ಗುಂಯ್ ಅನ್ನುತ್ತದೆ. ಪಕ್ಕದಲ್ಲಿ ನಿಂತವರು ತಕ್ಷಣ ಹೇಳುತ್ತಾರೆ: "ಮೈಕ್ ಹೋಗೈತ್ರಿ ಅಣ್ಣಾರ, ಹೊಸಾದು ತರಬೇಕು."

ಬಹಳ ಸಲ ಮೈಕ್ ಹೋಗಿರುವುದಿಲ್ಲ. ಕೇಬಲ್ ಹೋಗಿರುತ್ತದೆ, ಬೆಸುಗೆ ಬಿಟ್ಟಿರುತ್ತದೆ, ಅರ್ಥಿಂಗ್ ಇರುವುದಿಲ್ಲ. ನಿಜವಾಗಿ ಮೈಕ್ ಕೆಟ್ಟಿದ್ದರೂ ಅದರಲ್ಲಿ ಅರ್ಧಕ್ಕರ್ಧ ದೋಷಗಳನ್ನು ಊರಲ್ಲೇ ಸರಿಮಾಡಬಹುದು. ಹಾಗಾಗಿ ಸುಲಭದ್ದನ್ನು ಮೊದಲು ನೋಡಿ, ಮೈಕ್ ಒಳಗೆ ದನಿ ಹಿಡಿಯುವ ಭಾಗವಾದ ಕ್ಯಾಪ್ಸೂಲ್‌ಗೆ ಕೈ ಹಾಕುವುದನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ದೊಡ್ಡಾಟ ಬೆಳಗಿನವರೆಗೆ ನಡೆಯುತ್ತದೆ. ವಯಸ್ಸಾದ ಪೆಟ್ಟಿಗೆ (ಹಾರ್ಮೋನಿಯಂ) ಮಾಸ್ತರರಿಗೆ "ಈ ಪದ ಇನ್ನೊಮ್ಮೆ ಹಾಡ್ರಿ" ಅನ್ನಲು ಆಗುವುದಿಲ್ಲ. ಆ ಊರಲ್ಲಿ ಆ ಆಟ ಮತ್ತೆ ಯಾವಾಗಲೋ. ಅದಕ್ಕೇ ಈ ಪರೀಕ್ಷೆಗಳನ್ನೆಲ್ಲ ಆಟದ ಹಿಂದಿನ ದಿನವೇ ಮಾಡಿಬಿಡಿ.

ಮೊದಲು ಕಿವಿಗೊಟ್ಟು ಕೇಳಿ

ಸ್ಪೀಕರ್‌ನಲ್ಲಿ ಕೇಳಬೇಡಿ. ಹೆಡ್‌ಫೋನ್ ಹಾಕಿಕೊಳ್ಳಿ. ಮೈಕ್ ಮುಂದೆ ಯಾರೂ ಮಾತಾಡದೆ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ಒಬ್ಬರನ್ನು ಒಂದು ಗೇಣು ದೂರ ಕೂರಿಸಿ, ಅರ್ಧ ನಿಮಿಷ ಜೋರಾಗಿ ಹಾಡಿಸಿ. ಎರಡನ್ನೂ ಹೋಲಿಸಿ ಕೇಳಿ.

ಯಾರೂ ಮಾತಾಡದಿದ್ದಾಗಲೂ ಶಬ್ದ ಇದ್ದರೆ ಅದು ವಿದ್ಯುತ್ತಿನ ಕಡೆಯ ದೋಷ. ಹಾಡಿದಾಗ ಮಾತ್ರ ಗರಗರ, ಜರ್ ಜರ್ ಅಂದರೆ ಒಳಗೆ ಏನೋ ಅಲುಗಾಡುತ್ತಿದೆ, ಇಲ್ಲವೇ ಗೇನ್ (ಮಿಕ್ಸರ್ ದನಿಯನ್ನು ಹಿಗ್ಗಿಸುವ ಮಟ್ಟ) ಜಾಸ್ತಿಯಾಗಿ ದನಿ ಒಡೆಯುತ್ತಿದೆ. ಗೇನ್ ಇಳಿಸಿ ನೋಡಿ. ಇಳಿಸಿದರೂ ಗರಗರ ಉಳಿದರೆ ಮೈಕ್ ಮೇಲೇ ಅನುಮಾನ.

ಸುಮ್ಮನಿದ್ದಾಗ ಬರುವ ಶಬ್ದದಲ್ಲೂ ಬಗೆಗಳಿವೆ. ಒಂದೇ ಸಮ ದಪ್ಪಗೆ ಗುಂಯ್ ಅಂದರೆ ಅದು ಕರೆಂಟಿನ 50 ಹರ್ಟ್ಸ್. ಚೂಪಾಗಿ ಜುಂಯ್ ಅಂದರೆ ಡಿಮ್ಮರ್, ಎಲ್ಇಡಿ ಸೀರಿಯಲ್ ಸೆಟ್, ಅಗ್ಗದ ಚಾರ್ಜರ್ ಕಡೆ ನೋಡಿ. ಶ್ಶ್ ಅಂದರೆ ಗೇನ್ ತೀರಾ ಏರಿಸಿದ್ದೀರಿ, ಇಲ್ಲವೇ ಕಂಡೆನ್ಸರ್ ಮೈಕ್ (ಕೆಲಸ ಮಾಡಲು ಕರೆಂಟ್ ಬೇಕಾಗುವ ಸೂಕ್ಷ್ಮ ಬಗೆಯದು) ಸೊರಗಿದೆ. ಹೊತ್ತಿಲ್ಲ ಗೊತ್ತಿಲ್ಲ ಚಟಪಟ ಅಂದರೆ ಸಡಿಲ ಜೋಡಣೆ, ಇಲ್ಲವೇ ತೇವ. ಟಕಟಕ ಟಕಟಕ ಅಂತ ಬಂದು ತಾನೇ ನಿಂತರೆ ಯಾರದೋ ಜೇಬಿನ ಕೀಪ್ಯಾಡ್ ಫೋನ್. ಹಳೇ 2ಜಿ ಫೋನುಗಳು ಸೆಕೆಂಡಿಗೆ ಸುಮಾರು 217 ಸಲ ಅಲೆಗಳ ಮಿಡಿತ ಕಳಿಸುತ್ತವೆ, ಅದು ಕೇಬಲ್‌ಗೆ ಹೊಕ್ಕು ಕೇಳಿಸುತ್ತದೆ. ಕಲಾವಿದರ ಫೋನುಗಳನ್ನು ಬಣ್ಣದ ಮನೆಯಲ್ಲೇ ಬಿಡಿಸಿದರೆ ಆ ಕಾಟ ಮುಗಿಯಿತು.

ಭರ್ ಭರ್ ಅಂತ ಬಂದು ಹೋಗುವ ಶಬ್ದ ಬೇರೆ. ಅದು ಬಯಲಿನ ಗಾಳಿ. ಮೈಕ್ ತಲೆಗೆ ದಪ್ಪನೆಯ ಸ್ಪಂಜಿನ ಟೋಪಿ ಹಾಕಿ. ಕಡಿಮೆಯಾದರೆ ಮೈಕ್‌ಗೆ ಏನೂ ಆಗಿಲ್ಲ.

ಮೈಕ್ ತಪ್ಪೋ, ಹಿಂದಿನದರ ತಪ್ಪೋ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್, ಚಾನೆಲ್ ಎರಡನ್ನೂ ಒಟ್ಟಿಗೆ ಬದಲಿಸಿದಾಗ ಶಬ್ದ ನಿಂತರೂ ಯಾವುದರಿಂದ ನಿಂತಿತು ಅಂತ ಗೊತ್ತಾಗುವುದಿಲ್ಲ. ಅದೇ ಕೇಬಲ್‌ಗೆ ಚೆನ್ನಾಗಿರುವ ಬೇರೆ ಮೈಕ್ ಹಾಕಿ. ಶಬ್ದ ಹಾಗೇ ಇದ್ದರೆ ಮೈಕ್ ಬಿಟ್ಟುಬಿಡಿ, ಕೇಬಲ್ ಬದಲಿಸಿ. ಆಗಲೂ ಇದ್ದರೆ ಮಿಕ್ಸರ್‌ನಲ್ಲಿ ಪಕ್ಕದ ಚಾನೆಲ್‌ಗೆ ಹೋಗಿ.

ಬೇರೆ ಮೈಕ್ ಕೈಯಲ್ಲಿ ಇಲ್ಲದಿದ್ದರೆ ಒಂದು ಡಮ್ಮಿ ಪ್ಲಗ್ ಮಾಡಿಟ್ಟುಕೊಳ್ಳಿ. ಮೈಕ್‌ನ ಬುಡದಲ್ಲಿರುವಂಥದೇ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಗಂಡು ಪ್ಲಗ್ ತಂದು, ಒಳಗೆ 2 ಮತ್ತು 3ನೇ ಪಿನ್ ನಡುವೆ 150 ಓಮ್‌ನ ರೆಸಿಸ್ಟರ್ ಬೆಸೆಯಿರಿ. ಅಷ್ಟೇ. ಮೈಕ್ ಬಿಚ್ಚಿ ಆ ಜಾಗಕ್ಕೆ ಇದನ್ನು ಸಿಕ್ಕಿಸಿದರೆ ಮಿಕ್ಸರ್‌ಗೆ ಮೈಕ್ ಇದ್ದಂತೆಯೇ ಅನಿಸುತ್ತದೆ, ಆದರೆ ದನಿ ಬರುವುದಿಲ್ಲ. ಸುಮ್ನೆ ಕೇಬಲ್ ತುದಿ ತೆರೆದಿಟ್ಟರೆ ಗಾಳಿಯಲ್ಲಿರುವ ಗುಂಯ್ ಎಲ್ಲ ಒಳಗೆ ಬಂದು ದಾರಿ ತಪ್ಪಿಸುತ್ತದೆ, ಡಮ್ಮಿ ಹಾಗೆ ಮಾಡುವುದಿಲ್ಲ. ಡಮ್ಮಿ ಹಾಕಿದಾಗಲೂ ಅದೇ ಶಬ್ದ ಅಷ್ಟೇ ಇದ್ದರೆ ದೋಷ ಕೇಬಲ್‌ನಲ್ಲೋ ಮಿಕ್ಸರ್‌ನಲ್ಲೋ ಇದೆ. ಡಮ್ಮಿ ಹಾಕಿದ ಕೂಡಲೇ ಶಬ್ದ ನಿಂತರೆ ಮೈಕ್ ಬಿಚ್ಚುವ ಸಮಯ ಬಂತು. ಸಣ್ಣ ಖರ್ಚಿನ ಈ ಪ್ಲಗ್ ಪ್ರತಿ ರೆಕಾರ್ಡಿಂಗ್ ಪೆಟ್ಟಿಗೆಯಲ್ಲೂ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೇಬಲ್ ಮತ್ತು ಜ್ಯಾಕ್

ಜಾತ್ರೆಯಲ್ಲಿ ಕೇಬಲ್ ಪಡುವ ಪಾಡು ಎಲ್ಲರಿಗೂ ಗೊತ್ತು. ಜನ ತುಳಿಯುತ್ತಾರೆ, ಟ್ರ್ಯಾಕ್ಟರ್ ಗಾಲಿ ಹಾಯುತ್ತದೆ, ಕೊನೆಗೆ ಮೊಣಕೈಗೆ ಬಿಗಿಯಾಗಿ ಸುತ್ತಿ ಚೀಲಕ್ಕೆ ತುರುಕುತ್ತಾರೆ. ಮೇಲಿನ ರಬ್ಬರ್ ಚೆನ್ನಾಗೇ ಕಾಣುತ್ತದೆ, ಒಳಗೆ ಹೆಣೆದ ಶೀಲ್ಡ್ ತಂತಿ ಕಡಿದಿರುತ್ತದೆ. ಮಲ್ಟಿಮೀಟರನ್ನು ಬೀಪ್ ಬರುವ ಗುರುತಿಗೆ ಇಟ್ಟು 1ರಿಂದ 1ಕ್ಕೆ, 2ರಿಂದ 2ಕ್ಕೆ, 3ರಿಂದ 3ಕ್ಕೆ ನೋಡಿ. ನೋಡುವಾಗ ಎರಡೂ ತುದಿಗಳ ಹತ್ತಿರ ಕೇಬಲ್ ಬಗ್ಗಿಸಿ. ಬೀಪ್ ಕಡಿದು ಕಡಿದು ಬಂದರೆ ಅಲ್ಲೇ ಮುರಿದಿದೆ. ಬೇರೆ ಬೇರೆ ಪಿನ್‌ಗಳ ನಡುವೆ ಬೀಪ್ ಬಂದರೆ ಒಳಗೆ ತಂತಿಗೆ ತಂತಿ ತಾಗಿದೆ.

ಇನ್ನೊಂದು ಪರೀಕ್ಷೆಗೆ ಮೀಟರೂ ಬೇಡ. ಗುಂಯ್ ಅನ್ನುವಾಗ ಮೈಕ್‌ನ ಲೋಹದ ಮೈಯನ್ನು ಕೈಯಿಂದ ಹಿಡಿಯಿರಿ. ಶಬ್ದ ಒಮ್ಮೆಲೇ ಕಡಿಮೆಯೋ ಜಾಸ್ತಿಯೋ ಆದರೆ 1ನೇ ಪಿನ್ ಕಡೆ ಜೋಡಣೆ ಬಿಟ್ಟಿದೆ. ಶೀಲ್ಡ್ ಕಡಿದಿದೆ, ಇಲ್ಲವೇ ಮೈಕ್ ಒಳಗೆ ಮೈಗೂ 1ನೇ ಪಿನ್ನಿಗೂ ಇರುವ ತಂತಿ ಕಿತ್ತಿದೆ. ಒಂದು ಎಚ್ಚರ: ಹಿಡಿದಾಗ ಚುರ್ ಅಂದರೆ, ಹಾಡುವವರು "ತುಟಿಗೆ ಕರೆಂಟ್ ಹೊಡಿತೈತ್ರಿ" ಅಂದರೆ, ಅಲ್ಲೇ ಎಲ್ಲ ನಿಲ್ಲಿಸಿ. ಅದು ಶಬ್ದದ ಮಾತಲ್ಲ, ಜೀವದ ಮಾತು. ಕರೆಂಟ್ ಆಫ್ ಮಾಡಿಸಿ, ಲೈನ್‌ಮನ್ನನ್ನೋ ಎಲೆಕ್ಟ್ರಿಷಿಯನ್ನನ್ನೋ ಕರೆಸಿ.

ನಮ್ಮ ಕಡೆ ಮೈಕ್ ಸೆಟ್‌ಗಳಲ್ಲಿ ಜಾಸ್ತಿ ಕಾಣುವ ದೋಷ ಬೇರೆಯೇ ಇದೆ. ಮೈಕ್ ಕಡೆ ಎಕ್ಸ್‌ಎಲ್‌ಆರ್, ಮಿಕ್ಸರ್ ಕಡೆ ದಪ್ಪ ಮೋನೋ ಜ್ಯಾಕ್. ಆ ಜ್ಯಾಕ್‌ನಲ್ಲಿ 3ನೇ ಪಿನ್ ತಂತಿಯನ್ನು ಶೀಲ್ಡ್ ಜೊತೆ ಸೇರಿಸಿ ಬೆಸೆದಿರುತ್ತಾರೆ. ಹಳೇ ಆಂಪ್ಲಿಗೆ ಅದು ನಡೆಯುತ್ತಿತ್ತು. ಆದರೆ ಎಕ್ಸ್‌ಎಲ್‌ಆರ್ ಕೇಬಲ್‌ನ ಗುಟ್ಟೇ 2 ಮತ್ತು 3ನೇ ತಂತಿಗಳಲ್ಲಿದೆ. ಹೊರಗಿನ ಗುಂಯ್ ಎರಡೂ ತಂತಿಗೆ ಸಮನಾಗಿ ತಗಲುತ್ತದೆ. ಮಿಕ್ಸರ್ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಗುಂಯ್ ಅಳಿದು ಹಾಡು ಉಳಿಯುತ್ತದೆ. 3ನೇ ತಂತಿಯನ್ನು ಶೀಲ್ಡ್‌ಗೆ ಕಟ್ಟಿದರೆ ಈ ರಕ್ಷಣೆ ಹೋಯಿತು. ಕೇಬಲ್ ಉದ್ದವಾದಷ್ಟೂ ಗುಂಯ್ ಬೆಳೆಯುತ್ತದೆ. ಎರಡೂ ಕಡೆ ಎಕ್ಸ್‌ಎಲ್‌ಆರ್ ಇರುವ, ಮೂರೂ ತಂತಿ ಸರಿಯಾಗಿ ಬೆಸೆದ ಕೇಬಲ್ ಮಾಡಿಸಿ. ಎಷ್ಟೋ ಹಳೇ ಮೈಕ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ.

ಮೈಕ್ ಕೇಬಲನ್ನು ಕರೆಂಟ್ ವೈರಿನ ಜೊತೆ ಒಟ್ಟಿಗೆ ಎಳೆಯಬೇಡಿ. ದಾಟಿಸಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಗುಂಯ್ ಮತ್ತೂ ಹೋಗದಿದ್ದರೆ

ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಶಬ್ದ ನಿಂತರೆ ಚಾರ್ಜರ್ ತಪ್ಪು, ಇಲ್ಲವೇ ಲ್ಯಾಪ್‌ಟಾಪ್ ಒಂದು ಬೋರ್ಡಿನಿಂದ, ಮಿಕ್ಸರ್ ಇನ್ನೊಂದು ಬೋರ್ಡಿನಿಂದ ಕರೆಂಟ್ ತಗೊಂಡು ನಡುವೆ ಅರ್ಥ್ ಸುತ್ತು ಹಾಕಿಕೊಂಡಿದೆ. ಎಲ್ಲವನ್ನೂ ಒಂದೇ ಬೋರ್ಡಿಗೆ ತನ್ನಿ. ಜನರೇಟರ್ ಇದ್ದರೆ ಅರ್ಥಿಂಗ್ ಸಲಾಕೆ ನಿಜವಾಗಿ ನೆಲಕ್ಕೆ ಹೊಡೆದಿದ್ದಾರಾ ಅಂತ ಕಣ್ಣಾರೆ ನೋಡಿ. ಗುಂಯ್ ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಮುರಿಯುವುದು ಕೆಲವರ ರೂಢಿ. ದಯವಿಟ್ಟು ಬೇಡ. ಹಾಡುವವರ ಬಾಯಿ ಆ ಮೈಕ್‌ಗೆ ತಾಗುತ್ತದೆ.

ಗಂಗಾವತಿ, ಸಿಂಧನೂರು ಕಡೆ ಅಕ್ಕಿ ಗಿರಣಿಗಳ ಪಕ್ಕದಲ್ಲೇ ಕಾರ್ಯಕ್ರಮ ಇರುತ್ತದೆ. ಆಗ ಟ್ರಾನ್ಸ್‌ಫಾರ್ಮರ್ ಎಲ್ಲಿದೆ ನೋಡಿಕೊಳ್ಳಿ. ಡೈನಾಮಿಕ್ ಮೈಕ್ ಒಳಗೆ ಇರುವುದೇ ಅಯಸ್ಕಾಂತದ ನಡುವೆ ತೂಗುವ ತಂತಿಯ ಸುರುಳಿ. ಹತ್ತಿರದಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಕಾಂತಕ್ಷೇತ್ರ ನೇರವಾಗಿ ಸುರುಳಿಗೇ ತಗಲುತ್ತದೆ. ಕೇಬಲ್ ಎಷ್ಟೇ ಒಳ್ಳೆಯದಿರಲಿ, ಉಪಯೋಗವಿಲ್ಲ. ಮೈಕ್ ಕೈಯಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ. ತಿರುಗಿಸಿದ ಹಾಗೆ ಗುಂಯ್ ಏರಿ ಇಳಿದರೆ ಇದೇ ಕಾರಣ. ಮೈಕ್ ಕೆಟ್ಟಿಲ್ಲ, ಜಾಗ ಬದಲಿಸಿ. ಹಳೇ ಆಂಪ್ಲಿಯ ಪವರ್ ಟ್ರಾನ್ಸ್‌ಫಾರ್ಮರ್ ಕೂಡ ಇದೇ ಕೆಲಸ ಮಾಡುತ್ತದೆ, ಮೈಕನ್ನು ಅದರ ಪಕ್ಕ ಇಡಬೇಡಿ.

ಡೈನಾಮಿಕ್ ಮೈಕ್ ಬಿಚ್ಚಿದಾಗ

ಇವು ಗಟ್ಟಿ ಜೀವ. ಆದರೂ ಮುದಿಯಾಗುತ್ತವೆ. ಜಾಲರಿಯ ತಲೆಯನ್ನು ತಿರುಗಿಸಿ ಬಿಚ್ಚಿ, ಒಳಗಿನ ಸ್ಪಂಜ್ ಮುಟ್ಟಿ ನೋಡಿ. ಹೊಸದರಲ್ಲಿ ಒತ್ತಿದರೆ ಪುಟಿದು ಬರುತ್ತದೆ. ಹಳೆಯದು ಬೆರಳಿಗೆ ಅಂಟುತ್ತದೆ, ಉಜ್ಜಿದರೆ ಕಂದು ಬಣ್ಣದ ಜಿಗುಟು ಪುಡಿಯಾಗಿ ಉದುರುತ್ತದೆ. ಆ ಪುಡಿ ದನಿಗೆ ಅದುರುವ ತೆಳು ಪೊರೆಯಾದ ಡಯಾಫ್ರಮ್ ಮೇಲೆ ಬಿದ್ದರೆ ದನಿ ಮಂಕಾಗುತ್ತದೆ, ಜೋರು ಪದಕ್ಕೆ ಗರಗರ ಅನ್ನುತ್ತದೆ. ತಲೆಯನ್ನು ಕೆಳಗೆ ಬಾಗಿಸಿ ಹಿಡಿದೇ ಬಿಚ್ಚಿ, ಪುಡಿ ಕೆಳಗೆ ಉದುರಲಿ. ಹಳೇ ಸ್ಪಂಜ್ ಪೂರ್ತಿ ತೆಗೆದು, ಜಾಲರಿಯನ್ನು ಸೋಪಿನ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿದ ಮೇಲೆ ಅಷ್ಟೇ ದಪ್ಪದ, ಗಾಳಿಯಾಡುವ ಹೊಸ ಸ್ಪಂಜ್ ಹಾಕಿ. ಹಾಸಿಗೆಯ ಗಟ್ಟಿ ಫೋಮ್ ಬೇಡ, ಅದು ದನಿಯನ್ನು ನುಂಗುತ್ತದೆ.

ಈಗ ಧೂಳಿನ ಮಾತು. ಬಳ್ಳಾರಿ, ಸಂಡೂರು ಕಡೆ ಕೆಂಪು ಅದಿರಿನ ಧೂಳು ಎಲ್ಲದರ ಮೇಲೂ ಕೂತಿರುತ್ತದೆ. ಆ ಅದಿರು ಹೆಚ್ಚಾಗಿ ಹೆಮಟೈಟ್, ಅದು ಅಯಸ್ಕಾಂತಕ್ಕೆ ತೀರಾ ಕಡಿಮೆ ಸೆಳೆತ ತೋರುತ್ತದೆ. ಅದು ಜಾಲರಿ ಕಟ್ಟಿಸುತ್ತದೆ, ಸ್ಪಂಜ್ ತುಂಬುತ್ತದೆ, ತೊಳೆದರೆ ಹೋಗುತ್ತದೆ. ನಿಜವಾದ ಶತ್ರು ಕಬ್ಬಿಣದ ಪುಡಿ. ಸ್ಪಾಂಜ್ ಐರನ್ ಕಾರ್ಖಾನೆಗಳ ಸುತ್ತ, ಟ್ರೇಲರ್ ಕಟ್ಟುವ ವೆಲ್ಡಿಂಗ್ ಶಾಪ್‌ಗಳ ಪಕ್ಕ ಅದು ಸಿಗುತ್ತದೆ. ಮೈಕ್ ಒಳಗಿನ ಅಯಸ್ಕಾಂತ ಅದನ್ನು ಎಳೆದುಕೊಳ್ಳುತ್ತದೆ. ಒಂದೆರಡು ಕಣ ಡಯಾಫ್ರಮ್ ಮೇಲೆ ನಿಂತರೂ ಸಾಕು, ಹಾಡಿದಾಗಲೆಲ್ಲ ಕಣ ಅದುರಿ ಜರ್ ಜರ್ ಅನ್ನುತ್ತದೆ. ಬಾಯಿಂದ ಊದಿದರೆ ಹೋಗುವುದಿಲ್ಲ. ಏರ್ ಬ್ಲೋವರ್ ಹಿಡಿದರೆ ಡಯಾಫ್ರಮ್ಮೇ ಹರಿಯಬಹುದು. ಬೇರೆ ಅಯಸ್ಕಾಂತ ಹಿಡಿಯಲೂಬೇಡಿ, ಕಣ ಜಾರಿ ಸುರುಳಿಯ ಸಂದಿಗೆ ಸೇರುತ್ತದೆ. ಒಳ್ಳೆಯ ಬೆಳಕಿನಲ್ಲಿ, ಕಡ್ಡಿ ತುದಿಗೆ ಅಂಟು ಟೇಪಿನ ಚೂರು ಸುತ್ತಿ, ಡಯಾಫ್ರಮ್ ಒತ್ತದೆ ಕಣದ ಮೇಲಷ್ಟೇ ತಾಗಿಸಿ ಎತ್ತಬೇಕು. ಕೈ ನಡುಗುವವರು ಈ ಕೆಲಸ ಬೇರೆಯವರಿಗೆ ಬಿಡುವುದೇ ಒಳ್ಳೆಯದು. ಮೈಕ್ ಪೆಟ್ಟಿಗೆಯನ್ನು ವೆಲ್ಡಿಂಗ್ ನಡೆಯುವ ಕಡೆ ತೆರೆದಿಡದೆ ಇದ್ದರೆ ಇದೆಲ್ಲ ಬರುವುದೇ ಇಲ್ಲ.

ಬುಡದ ಕಡೆ ಸ್ಕ್ರೂ ಬಿಚ್ಚಿ ಪಿನ್‌ಗಳ ಬೆಸುಗೆ ನೋಡಿ. ಒಳ್ಳೆಯ ಬೆಸುಗೆ ಹೊಳೆಯುತ್ತದೆ. ಕೆಟ್ಟದ್ದು ಬೂದಿ ಬಣ್ಣಕ್ಕೆ ತಿರುಗಿ, ಪಿನ್ ಸುತ್ತ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಮೈಕ್ ತಟ್ಟಿದಾಗ ಚಟ್ ಅನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಹಳೇ ಬೆಸುಗೆ ತೆಗೆದು ಹೊಸದಾಗಿ ಬೆಸೆಯಿರಿ, ಕಾವು ಹೆಚ್ಚು ಹೊತ್ತು ಹಿಡಿಯಬೇಡಿ. ಆನ್ ಆಫ್ ಸ್ವಿಚ್ ಇರುವ ಮೈಕ್ ಆದರೆ ಸ್ವಿಚ್ಚನ್ನೇ ಮೊದಲು ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಹತ್ತಿಪ್ಪತ್ತು ಸಲ ಆಡಿಸಿ. ರೆಕಾರ್ಡಿಂಗ್‌ಗೆ ಸ್ವಿಚ್ ಬೇಕಾಗಿಲ್ಲ. ಬೆಸುಗೆ ಬರುವವರು ಅದನ್ನು ದಾಟಿಸಿ ತಂತಿ ನೇರ ಕೊಟ್ಟುಬಿಡಿ.

ಕೊನೆಗೆ ಮೀಟರಿನಲ್ಲಿ 2 ಮತ್ತು 3ನೇ ಪಿನ್ ನಡುವೆ ಓಮ್ ನೋಡಿ. ಕೆಲವು ಹತ್ತರಿಂದ ಕೆಲವು ನೂರು ಓಮ್ ಒಳಗೆ ಏನಾದರೂ ಬಂದರೆ ದಾರಿ ಕೂಡಿದೆ ಎಂದರ್ಥ. ಏನೂ ಬರದಿದ್ದರೆ ಎಲ್ಲೋ ಕಡಿದಿದೆ. ಅಲುಗಾಡಿಸಿದಾಗ ಅಂಕಿ ಕುಣಿದರೆ ತಂತಿ ಸಡಿಲ.

ಕಂಡೆನ್ಸರ್ ಮೈಕ್: ರಾತ್ರಿಯ ಚಟಪಟ

ಕಂಡೆನ್ಸರ್‌ನಲ್ಲಿ ಮೊದಲು ಫ್ಯಾಂಟಮ್ ಪವರ್ (ಮಿಕ್ಸರ್ ಅದೇ ಕೇಬಲ್ ಮೂಲಕ ಮೈಕಿಗೆ ಕಳಿಸುವ ಕರೆಂಟ್) ನೋಡಿ. ಮೈಕ್ ಬಿಚ್ಚಿ, ಕೇಬಲ್ ತುದಿಯಲ್ಲಿ 1 ಮತ್ತು 2ರ ನಡುವೆ, ಆಮೇಲೆ 1 ಮತ್ತು 3ರ ನಡುವೆ ಡಿಸಿ ವೋಲ್ಟ್ ಅಳೆಯಿರಿ. 48 ವೋಲ್ಟ್ ಬರಬೇಕು. 44ರಿಂದ 52ರವರೆಗೆ ಸರಿ. ಎರಡೂ ಕಡೆ ಸಮ ಇರಬೇಕು. ಒಂದು ಕಡೆ ಬಂದು ಇನ್ನೊಂದು ಕಡೆ ಬರದಿದ್ದರೆ ಕೇಬಲ್ ಅಥವಾ ಮಿಕ್ಸರ್ ತಪ್ಪು, ಅದಕ್ಕೇ ಶ್ಶ್ ಜಾಸ್ತಿ, ದನಿ ಒಡಕು. ಮೈಕ್ ಹಾಕುವಾಗ, ತೆಗೆಯುವಾಗ ಫ್ಯಾಂಟಮ್ ಆಫ್ ಇರಲಿ.

ಈಗ ನಮ್ಮ ಕಡೆಯ ವಿಶೇಷ ಕಾಟ. ಸಂಜೆ ಚೆಕ್ ಮಾಡಿದಾಗ ಮೈಕ್ ಸ್ವಚ್ಛ. ನಡುರಾತ್ರಿ ದಾಟಿದ ಮೇಲೆ ಚಟ್... ಚಟಪಟ... ಫಟ್ ಅಂತ ಶುರು. ಬೆಳಿಗ್ಗೆ ಬಿಸಿಲು ಬಂದ ಮೇಲೆ ಮತ್ತೆ ಸ್ವಚ್ಛ. ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ, ತುಂಗಭದ್ರೆ ದಂಡೆಯ ಊರುಗಳಲ್ಲಿ ರಾತ್ರಿ ಆಟ ಇದ್ದಾಗ ಇದು ಕಾಣುತ್ತದೆ. ಕಾರಣ ತೇವ. ಕಂಡೆನ್ಸರ್ ಒಳಗಿನ ರೆಸಿಸ್ಟರ್‌ಗಳು ಸಾವಿರ ಮೆಗಾ ಓಮ್ ಲೆಕ್ಕದವು. ಅಷ್ಟು ಬಿಗಿಯಾದ ಕಡೆ ಒಂದಿಷ್ಟು ಧೂಳು, ಹಾಡುವವರ ಎಂಜಲಿನ ಉಪ್ಪು ಕೂತು ಅದರ ಮೇಲೆ ತೇವ ಸೇರಿದರೆ ಕರೆಂಟ್ ಕಳ್ಳದಾರಿ ಹಿಡಿದು ಸೋರುತ್ತದೆ. ಪ್ರತಿ ಸೋರಿಕೆಯೂ ಒಂದು ಚಟ್. ಹೊಸ ಮೈಕ್‌ನಲ್ಲಿ ಒಳಗೆ ಸ್ವಚ್ಛ ಇರುವುದರಿಂದ ಅದೇ ತೇವವನ್ನು ತಡೆದುಕೊಳ್ಳುತ್ತದೆ. ಏಸಿ ಕಾರಿನಿಂದ ತಣ್ಣಗಿರುವ ಮೈಕ್ ತೆಗೆದು ನೇರ ಹೊರಗೆ ಇಟ್ಟರೂ ಹೀಗೇ ಆಗುತ್ತದೆ. ಪೆಟ್ಟಿಗೆ ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಹೊರಗಿನ ಹವೆಗೆ ಹೊಂದಲು ಬಿಡಿ.

ಇದು ತೇವವೇ ಹೌದಾ ಅಂತ ತಿಳಿಯಲು ಮೈಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಂದೆರಡು ದಿನ ಇಡಿ. ಚಟಪಟ ನಿಂತರೆ ತೇವವೇ. ಮತ್ತೆ ಮುಂದಿನ ರಾತ್ರಿಯೇ ಬಂದರೆ ಒಳಗೆ ಕೊಳೆ ಕೂತಿದೆ, ಬಲ್ಲವರಿಂದ ತೊಳೆಸಬೇಕು. ಒಣಗಿಸಿದರೂ ಒಂಚೂರೂ ಬದಲಾಗದಿದ್ದರೆ ಒಳಗಿನ ಬಿಡಿಭಾಗ ಹೋಗಿದೆ. ಸಿಲಿಕಾ ಜೆಲ್ ಬದಲು ಅಕ್ಕಿ ಹಾಕುವವರಿದ್ದಾರೆ. ಅಕ್ಕಿಯ ಹಿಟ್ಟು ಜಾಲರಿಯೊಳಗೆ ಹೋಗುತ್ತದೆ, ಬೇಡ. ಬಿಸಿಲಿಗೆ ಇಡುವುದೂ ಬೇಡ.

ಕಂಡೆನ್ಸರ್ ಡಯಾಫ್ರಮ್ ಮೈಕ್ರಾನ್ ಲೆಕ್ಕದಷ್ಟು ತೆಳು. ಅದನ್ನು ಬೆರಳಿನಿಂದ, ಬ್ರಷ್‌ನಿಂದ, ಸ್ಪ್ರೇಯಿಂದ ಮುಟ್ಟಲೇಬೇಡಿ. ಅದಕ್ಕೆ ಮೀಟರ್ ಕಡ್ಡಿ ತಾಗಿಸುವುದೂ ಬೇಡ.

ಇನ್ನು ಶ್ಶ್. ಅಗ್ಗದ ಕಂಡೆನ್ಸರ್‌ಗಳಲ್ಲಿ ಹೆಚ್ಚಿನವು ಎಲೆಕ್ಟ್ರೆಟ್. ಅವುಗಳಲ್ಲಿ ಚಾರ್ಜನ್ನು ತಯಾರಿಸುವಾಗಲೇ ತುಂಬಿರುತ್ತಾರೆ. ಕಾವು, ತೇವ ತಿಂದು ವರ್ಷಗಳಲ್ಲಿ ಅದು ಕ್ಷೀಣಿಸಬಹುದು. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಮುಚ್ಚಿದ ಟೆಂಪೋ ಒಳಗೆ ಇನ್ನೂ ಜಾಸ್ತಿ. ಅಲ್ಲಿ ಮೈಕ್ ಪೆಟ್ಟಿಗೆ ಬಿಟ್ಟರೆ ಅದರ ಆಯುಷ್ಯ ನೀವೇ ಕಡಿಮೆ ಮಾಡಿದಂತೆ. ಚಾರ್ಜ್ ಇಳಿದ ಮೈಕ್‌ನಲ್ಲಿ ದನಿ ಕುಗ್ಗುತ್ತದೆ, ಆದರೆ ಒಳಗಿನ ಶ್ಶ್ ಮೊದಲಿನಷ್ಟೇ ಇರುತ್ತದೆ. ನೀವು ಗೇನ್ ಏರಿಸುತ್ತೀರಿ, ದನಿ ಜೊತೆ ಶ್ಶ್ ಕೂಡ ಏರುತ್ತದೆ. ಅದೇ ಮಾದರಿಯ ಒಳ್ಳೆಯ ಮೈಕ್ ಒಂದನ್ನು ಪಕ್ಕದಲ್ಲೇ ಇಟ್ಟು, ಒಬ್ಬರೇ ಒಂದೇ ದೂರದಿಂದ ಹಾಡಲಿ. ಎರಡೂ ಒಂದೇ ಮಟ್ಟಕ್ಕೆ ಬರಲು ಹಳೆಯದಕ್ಕೆ 10 ಡೆಸಿಬೆಲ್ ಜಾಸ್ತಿ ಗೇನ್ ಬೇಕಾದರೆ ಅದರ ಕ್ಯಾಪ್ಸೂಲ್ ಮುಗಿದಿದೆ ಅಂತಲೇ ತಿಳಿಯಿರಿ. ಹೋದ ಚಾರ್ಜನ್ನು ಮನೆಯಲ್ಲಿ ತುಂಬಲು ಆಗುವುದಿಲ್ಲ. ಕ್ಯಾಪ್ಸೂಲ್ ಬದಲಿಸುವ ಖರ್ಚು ಹೊಸ ಮೈಕ್‌ನ ಅರ್ಧ ಬೆಲೆ ದಾಟಿದರೆ ನಾನು ಬದಲಿಸಿ ಅನ್ನುವುದಿಲ್ಲ.

ಒಳಗೆ ಪೆನ್‌ಸೆಲ್ ಹಾಕುವ ಹಳೇ ಮೈಕ್ ಇದ್ದರೆ ಸೆಲ್ ಸೋರಿ ಹಸಿರು ಕಟ್ಟಿದೆಯಾ ನೋಡಿ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಹೊಸ ಸೆಲ್ ಹಾಕಿ.

ಆಟದ ನಡುವೆ ಕೈಕೊಟ್ಟರೆ

ಆಗ ರಿಪೇರಿಗೆ ಕೂರಬೇಡಿ. ಚಟಪಟ ಅನ್ನುವ ಕಂಡೆನ್ಸರನ್ನು ಇಳಿಸಿ, ಇರುವ ಡೈನಾಮಿಕ್ ಮೈಕನ್ನು ಹಿಮ್ಮೇಳದ ಹತ್ತಿರಕ್ಕೆ ಒಯ್ಯಿರಿ. ದೂರ ಅರ್ಧ ಮಾಡಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಅಷ್ಟು ಗೇನ್ ಇಳಿಸಬಹುದು, ಅಷ್ಟೂ ಶ್ಶ್ ಕಡಿಮೆ. ಗುಂಯ್ ಇದ್ದರೆ ಮಿಕ್ಸರ್‌ನ ಲೋ ಕಟ್ (ತೀರಾ ದಪ್ಪ ಸ್ವರ ತಗ್ಗಿಸುವ ಗುಂಡಿ) ಒತ್ತಿ. ಅದು 50 ಹರ್ಟ್ಸ್ ಇಳಿಸುತ್ತದೆ. 100, 150ರ ಮರಿಗಳು ಉಳಿಯುತ್ತವೆ, ಆದರೂ ಪದದ ಮಾತು ತಿಳಿಯಾಗುತ್ತದೆ. ಪೆಟ್ಟಿಗೆಯ ಕೆಳ ಸ್ವರ ಸ್ವಲ್ಪ ತೆಳುವಾಗಬಹುದು, ಅದನ್ನು ಒಪ್ಪಿಕೊಳ್ಳಿ.

ಗಣಪತಿ ಸ್ತುತಿ ಶುರುವಾಗುವ ಮುಂಚೆ, ಗೇನ್ ಎಲ್ಲ ಗಟ್ಟಿ ಮಾಡಿದ ಮೇಲೆ, ಬರೀ ಆ ಶಬ್ದವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕಂಪ್ಯೂಟರಿನಲ್ಲಿ ಆಡಾಸಿಟಿಯಂಥ ಸಾಫ್ಟ್‌ವೇರ್‌ಗೆ ಆ ತುಣುಕನ್ನು ಮಾದರಿಯಾಗಿ ಕೊಟ್ಟರೆ ಒಂದೇ ಸಮ ಬರುವ ಗುಂಯ್, ಶ್ಶ್ ಎರಡನ್ನೂ ಬಹಳಷ್ಟು ತಗ್ಗಿಸುತ್ತದೆ. ಚಟಪಟಕ್ಕೆ ಇದು ಕೆಲಸ ಮಾಡುವುದಿಲ್ಲ. ಪೂರ್ತಿ ಅಳಿಸಲು ಹೋಗಬೇಡಿ, ಹಾಡುವವರ ದನಿ ನೀರೊಳಗಿಂದ ಬಂದಂತೆ ಆಗುತ್ತದೆ. ಮೂಲ ಫೈಲ್ ಮುಟ್ಟದೆ ನಕಲಿನ ಮೇಲೆ ಈ ಕೆಲಸ ಮಾಡಿ.

ಇಳಿಸಿದ ಮೈಕ್‌ಗೆ ಅಲ್ಲೇ ಒಂದು ತುಂಡು ಟೇಪ್ ಅಂಟಿಸಿ, ಏನು ಶಬ್ದ, ಎಷ್ಟು ಹೊತ್ತಿಗೆ, ಯಾವ ಕೇಬಲ್ ಅಂತ ಬರೆದುಬಿಡಿ. ಮಾರನೇ ದಿನ ಎಲ್ಲ ಮೈಕ್‌ಗಳೂ ಒಂದೇ ಚೀಲದಲ್ಲಿ ಸೇರಿದಾಗ ಯಾವುದನ್ನು ಬಿಚ್ಚಬೇಕು ಅಂತ ಆ ಟೇಪ್ ನೋಡಿದರೆ ಸಾಕು.